ಬ್ರಿಂಡ್ಲಿಯ ಸಮಾಧಿ ಎಲ್ಲಿರಬೇಕಿತ್ತು

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ನ್ಯೂಚಾಪೆಲ್ ಎಂಬ ಊರಿದೆ. ಪಿಂಗಾಣಿ ಪಾತ್ರೆಗಳಿಗೆ ಹೆಸರಾದ ಸ್ಟೋಕ್ ನಗರದ ಉತ್ತರಕ್ಕೆ, ಸದಾ ಗಾಳಿ ಬೀಸುವ ಏರು ಜಾಗದಲ್ಲಿ. ಅಲ್ಲಿನ ಸೇಂಟ್ ಜೇಮ್ಸ್ ಚರ್ಚಿನ ಅಂಗಳದಲ್ಲಿರುವ ಒಂದು ಸಮಾಧಿ ಕಲ್ಲಿನ ಬರಹದ ಸಾರಾಂಶ ಇಷ್ಟು: ಟರ್ನ್‌ಹರ್ಸ್ಟ್‌ನ ಜೇಮ್ಸ್ ಬ್ರಿಂಡ್ಲಿ, ಎಂಜಿನಿಯರ್, 1772ರ ಸೆಪ್ಟೆಂಬರ್ 30ರಂದು ಇಲ್ಲಿ ಮಣ್ಣಾದರು, ವಯಸ್ಸು 56.

ಕಾಲುವೆ ಎಂಬ ಮಾತೇ ಆ ಕಲ್ಲಿನ ಮೇಲಿಲ್ಲ. ಸುಮಾರು 365 ಮೈಲಿ ಕಾಲುವೆಗಳ ಹಾದಿಯನ್ನು ಗುರುತಿಸಿಕೊಟ್ಟ ಮನುಷ್ಯ ಈತ. ಬ್ರಿಟನ್ನಿನ ಒಳನಾಡಿನ ಊರುಗಳಿಗೆ ಕಲ್ಲಿದ್ದಲು, ಜೇಡಿಮಣ್ಣು, ಕಬ್ಬಿಣ, ಧಾನ್ಯ ಎಲ್ಲವೂ ನೀರಿನ ಮೇಲೆ ಬರುವಂತೆ ಮಾಡಿದವನು. ಇಂಥವನಿಗೆ ಇದು ತೀರಾ ಸಣ್ಣ ಗೌರವವಾಯಿತು ಎಂದು ಅವನನ್ನು ಕಂಡಿದ್ದವರಿಗೇ ಅನ್ನಿಸಿತ್ತು. ಅವನಿಗೆ ಚಿಕಿತ್ಸೆ ಮಾಡಿದ ವೈದ್ಯ ಎರಾಸ್ಮಸ್ ಡಾರ್ವಿನ್ ಕವಿಯೂ ಆಗಿದ್ದ. ಚಾರ್ಲ್ಸ್ ಡಾರ್ವಿನ್ನನ ತಾತ. ಇಪ್ಪತ್ತು ವರ್ಷಗಳ ನಂತರ ಪ್ರಕಟಿಸಿದ ತನ್ನದೊಂದು ಕಾವ್ಯದಲ್ಲಿ ಬ್ರಿಂಡ್ಲಿಯನ್ನು ಅಮರ ಎಂದು ಕರೆದ ಆತ, ಟಿಪ್ಪಣಿಯಲ್ಲಿ ಇನ್ನೊಂದು ಮಾತು ಸೇರಿಸಿದ: ಲಿಚ್‌ಫೀಲ್ಡ್‌ನ ಕೆಥೆಡ್ರಲ್‌ನಲ್ಲಿ ಈತನಿಗೊಂದು ಸ್ಮಾರಕ ಇರಲೇಬೇಕು.

ಡಾರ್ವಿನ್ನನ ಪ್ರೀತಿ ದೊಡ್ಡದು. ಆದರೆ ಈ ಸಮಾಧಿ ಇರಬೇಕಾದ ಜಾಗದಲ್ಲೇ ಇದೆ ಎಂಬುದು ನನ್ನ ನಂಬಿಕೆ. ಕೆಥೆಡ್ರಲ್‌ನ ಕಮಾನುಗಳ ಕೆಳಗೆ ಈ ಕಲ್ಲಿಗೆ ಅರ್ಥವೇ ಬರುತ್ತಿರಲಿಲ್ಲ. ಏಕೆಂದರೆ ಇಲ್ಲಿಂದ ಒಂದೆರಡು ಮೈಲಿ ಪಶ್ಚಿಮಕ್ಕೆ ಹೇರ್‌ಕ್ಯಾಸಲ್ ಎಂಬ ಗುಡ್ಡವಿದೆ. ಆ ಗುಡ್ಡದ ಹೊಟ್ಟೆಯಲ್ಲಿ ಬ್ರಿಂಡ್ಲಿ ಕೊರೆಯಿಸಲು ಹೊರಟ, ಆದರೆ ಮುಗಿದದ್ದನ್ನು ಕಾಣದೆ ಹೋದ ಸುರಂಗವಿದೆ.

ಇವತ್ತು ಸುರಂಗದ ಉತ್ತರದ ಬಾಯಿ ನೋಡಬೇಕೆಂದರೆ ಕಿಡ್ಸ್‌ಗ್ರೋವ್ ಎಂಬಲ್ಲಿಗೆ ಹೋಗಬೇಕು. ಅಲ್ಲಿ ಕಾಲುವೆಯ ನೀರು ತುಕ್ಕಿನ ಬಣ್ಣದ್ದು, ಸರಿಯಾಗಿ ಹೇಳಬೇಕೆಂದರೆ ಕಾವಿಯ ಬಣ್ಣದ್ದು. ಗುಡ್ಡದೊಳಗಿನ ಕಬ್ಬಿಣದ ಅದಿರನ್ನು ತೊಳೆದುಕೊಂಡು ಒರತೆ ನೀರು ಬಂದು ಸೇರುತ್ತದೆ, ಅದಕ್ಕೇ. ಮಧ್ಯಾಹ್ನದ ಬಿಸಿಲಿನಲ್ಲೂ ಆ ನೀರಿಗೆ ತಳ ಕಾಣುವುದಿಲ್ಲ. ಗುಡ್ಡದ ಬುಡದಲ್ಲಿ ಎರಡು ಬಾಯಿಗಳು. ಒಂದರಲ್ಲಿ ಈಗಲೂ ದೋಣಿಗಳು ಓಡಾಡುತ್ತವೆ. ಅದರ ಪಕ್ಕದ್ದು ಸಣ್ಣದು, ತಗ್ಗಿನದು, ಮುಚ್ಚಿಹೋಗಿರುವುದು. ಆ ಸಣ್ಣದೇ ಬ್ರಿಂಡ್ಲಿಯದು.

ನಾನು ಮಂಡ್ಯದ ಕಡೆಯ ಮನೆಯಲ್ಲಿ ಬೆಳೆದು ಈ ದೇಶಕ್ಕೆ ಕೆಲಸಕ್ಕೆ ಬಂದವನು. ನಾಲೆ ಎಂದರೆ ನಮಗೆ ಗದ್ದೆಗೆ ನೀರು ತರುವುದು, ಬೇರೇನಲ್ಲ. ತೂಬು, ನೀರುಗಂಟಿ, ಕಟ್ಟುನೀರಿನ ಸರದಿ, ಇವೆಲ್ಲ ಇಲ್ಲದ ನಾಲೆಯನ್ನು ಊಹಿಸುವುದೂ ಕಷ್ಟ. ಅಪ್ಪ ಇಲ್ಲಿಗೆ ಬಂದಿದ್ದಾಗ ಕಿಡ್ಸ್‌ಗ್ರೋವ್‌ಗೆ ಕರೆದುಕೊಂಡು ಹೋಗಿದ್ದೆ. ದಡದ ಮೇಲೆ ನಿಂತು ಸ್ವಲ್ಪ ಹೊತ್ತು ನೀರನ್ನೇ ನೋಡಿದರು.

"ಈ ನೀರು ಯಾವ್ ಕಡೆ ಗದ್ದೆಗೆ ಹೋಯ್ತದೆ ಮಗ?"

"ಯಾವ ಗದ್ದೆಗೂ ಇಲ್ಲ ಅಪ್ಪ. ದೋಣಿ ಹೋಗಕ್ಕೆ ಮಾಡಿರದು."

"ಹರೀತಾನೇ ಇಲ್ವಲ್ಲ ಇದು."

"ಹರೀಬಾರದು ಅಪ್ಪ. ನಿಂತೇ ಇರ್ಬೇಕು."

ಅಪ್ಪ ಸುರಂಗದ ಬಾಯಿಯನ್ನೂ ನೀರನ್ನೂ ಇನ್ನೊಂದು ಸಲ ನೋಡಿ, "ಹರಿಯೋ ನೀರಿಗೆ ದಾರಿ ಮಾಡ್ಬೌದು. ನಿಂತ ನೀರ ಗುಡ್ಡದೊಳಗೆ ಸಮಕ್ಕೆ ಇಡೋದು ಹುಡುಗಾಟದ ಮಾತಲ್ಲ" ಅಂದರು. ಹುಲಿಕೆರೆ ಸುರಂಗ ದಾಟಿ ಬರುವ ವಿ.ಸಿ. ನಾಲೆಯ ನೀರಿನಲ್ಲಿ ಬೆಳೆ ತೆಗೆದವರು ಅವರು. ಬ್ರಿಂಡ್ಲಿಯ ಮುಂದಿದ್ದ ಸಮಸ್ಯೆ ಏನೆಂಬುದು ಅವರಿಗೆ ಒಂದೇ ನೋಟಕ್ಕೆ ಹೊಳೆಯಿತು.

ನೀರಾವರಿ ನಾಲೆಗೆ ಸಣ್ಣದೊಂದು ಇಳಿಜಾರು ಬೇಕು. ಅದು ಉದ್ದಕ್ಕೂ ಕೆಡದಂತೆ ನೋಡಿಕೊಳ್ಳುವುದರಲ್ಲಿ ಎಂಜಿನಿಯರನ ಜಾಣ್ಮೆ. ದೋಣಿಯ ಕಾಲುವೆಗೆ ಇಳಿಜಾರೇ ಶತ್ರು. ಮೈಲಿಗಟ್ಟಲೆ ಒಂದೇ ಮಟ್ಟ, ಆಮೇಲೆ ಲಾಕ್ ಎಂಬ ಗೇಟಿನ ತೊಟ್ಟಿಯಲ್ಲಿ ದೋಣಿಯನ್ನು ಒಂದು ಮೆಟ್ಟಿಲು ಎತ್ತುವುದೋ ಇಳಿಸುವುದೋ, ಮತ್ತೆ ಒಂದೇ ಮಟ್ಟ. ಪ್ರತಿ ಲಾಕ್ ದಾಟಿದಾಗಲೂ ಮೇಲಿನ ನೀರು ಒಂದು ತೊಟ್ಟಿಯಷ್ಟು ಕೆಳಗೆ ಹೋಗುತ್ತದೆ, ಮರಳಿ ಬರುವುದಿಲ್ಲ. ಆದ್ದರಿಂದ ಬ್ರಿಂಡ್ಲಿ ಲಾಕ್‌ಗಳನ್ನು ಆದಷ್ಟು ತಪ್ಪಿಸುತ್ತಿದ್ದ. ಗುಡ್ಡ ಎದುರಾದರೆ ಅದರ ಮೈಯ ಸಮಮಟ್ಟವನ್ನೇ ಹಿಡಿದು ಬಳಸಿಕೊಂಡು ಹೋಗುತ್ತಿದ್ದ. ಅವನು ಹಾದಿ ಹಾಕಿದ ಆಕ್ಸ್‌ಫರ್ಡ್ ಕಾಲುವೆ ಎಷ್ಟು ಸುತ್ತು ಬಳಸು ಎಂದರೆ, 1830ರ ಸುಮಾರಿಗೆ ಅದನ್ನು ನೇರ ಮಾಡಿದಾಗ ಸುಮಾರು 14 ಮೈಲಿ ಕಡಿಮೆಯಾಯಿತು. ಸುತ್ತು ಜಾಸ್ತಿಯಾದರೇನು, ನೀರು ಉಳಿಯಿತಲ್ಲ ಎಂಬುದು ಅವನ ಲೆಕ್ಕ. ಅವನ ಕಾಲಕ್ಕೆ ಅದು ಸರಿಯಾದ ಲೆಕ್ಕವೇ.

ಆದರೆ ಹೇರ್‌ಕ್ಯಾಸಲ್ ಗುಡ್ಡವನ್ನು ಬಳಸಿಕೊಂಡು ಹೋಗುವ ಹಾಗಿರಲಿಲ್ಲ.

ಅಲ್ಲಿಗೆ ಬರುವ ಮುಂಚೆ ಈ ಮನುಷ್ಯ ಯಾರೆಂದು ಎರಡು ಮಾತು. 1716ರಲ್ಲಿ ಡರ್ಬಿಶೈರ್‌ನ ಟನ್‌ಸ್ಟೆಡ್ ಎಂಬಲ್ಲಿ ಹುಟ್ಟಿದ. ಶಾಲೆ ಇಲ್ಲ, ಓದು ಬರಹ ಅಷ್ಟಕ್ಕಷ್ಟೇ. ಕೊನೆಯವರೆಗೂ ನೋಟ್‌ಬುಕ್ಕಿನಲ್ಲಿ ಬಾಯಿಗೆ ಬಂದ ಉಚ್ಚಾರದಂತೆಯೇ ಬರೆಯುತ್ತಿದ್ದ. ಹದಿನೇಳಕ್ಕೆ ಮ್ಯಾಕಲ್ಸ್‌ಫೀಲ್ಡ್ ಬಳಿ ಗಿರಣಿ ಕಟ್ಟುವವನೊಬ್ಬನ ಕೈಕೆಳಗೆ ಕೆಲಸಕ್ಕೆ ಸೇರಿದ. 1742ರಲ್ಲಿ ಲೀಕ್ ಪಟ್ಟಣದಲ್ಲಿ ಸ್ವಂತ ಕಸುಬು ಶುರು ಮಾಡಿದ. ನೀರುಚಕ್ರ, ಹಲ್ಲುಚಕ್ರ, ಗಿರಣಿ ಕಲ್ಲು, ಗಣಿಯಿಂದ ನೀರೆತ್ತುವ ಯಂತ್ರ ಇವೇ ಅವನ ಪಾಠಶಾಲೆ. ಮ್ಯಾಂಚೆಸ್ಟರ್ ಬಳಿಯ ಒಂದು ಕಲ್ಲಿದ್ದಲು ಗಣಿಯಲ್ಲಿ ನೀರು ತುಂಬಿ ಕೆಲಸ ನಿಂತಾಗ, ಇರ್ವೆಲ್ ನದಿಯ ನೀರನ್ನೇ ಸುರಂಗದಲ್ಲಿ ತಂದು, ನದಿಯ ತಳದಡಿಯಿಂದಲೇ ದಾಟಿಸಿ, ಅದರಿಂದ ಚಕ್ರ ತಿರುಗಿಸಿ, ಆ ಚಕ್ರದಿಂದ ಗಣಿಯ ನೀರನ್ನು ಮೇಲೆತ್ತಿಸಿದ. ನೀರಿನಿಂದಲೇ ನೀರನ್ನು ತೆಗೆಸಿದ ಈ ಕೆಲಸ 1750ರ ದಶಕದ್ದು. ಕಾಲುವೆಯ ಕೆಲಸ ಇನ್ನೂ ಅವನ ಹತ್ತಿರ ಬಂದಿರಲಿಲ್ಲ.

ಅದು ಬಂದದ್ದು ಬ್ರಿಡ್ಜ್‌ವಾಟರ್ ಡ್ಯೂಕನ ಮೂಲಕ. ವರ್ಸ್ಲಿಯಲ್ಲಿ ಡ್ಯೂಕನಿಗೆ ಕಲ್ಲಿದ್ದಲು ಗಣಿಗಳಿದ್ದವು. ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲಿಗೆ ಬೇಡಿಕೆಯಿತ್ತು. ಕುದುರೆಯ ಬೆನ್ನ ಮೇಲೆ ಸಾಗಿಸಿದರೆ ಗಿಟ್ಟುತ್ತಿರಲಿಲ್ಲ. ಡ್ಯೂಕನ ವ್ಯವಹಾರ ನೋಡಿಕೊಳ್ಳುತ್ತಿದ್ದ ಜಾನ್ ಗಿಲ್ಬರ್ಟ್ ಈ ಗಿರಣಿಯವನನ್ನು ಕರೆತಂದ. ನದಿಗೆ ಇಳಿದು ಮತ್ತೆ ಹತ್ತುವ ಬದಲು, ನದಿಯ ಮೇಲೇ ಕಾಲುವೆಯನ್ನು ಹಾಯಿಸುವ ಯೋಜನೆ ಮಾಡಿದರು. ಬಾರ್ಟನ್ ಎಂಬಲ್ಲಿ ಇರ್ವೆಲ್ ನದಿಗೆ ಮೂರು ಕಮಾನಿನ ಮೇಲ್ಗಾಲುವೆ. ಕೆಳಗೆ ನದಿಯ ದೋಣಿ, ಮೇಲೆ ಕಾಲುವೆಯ ದೋಣಿ. ಗಾಳಿಗೋಪುರದ ಮಾತು ಕೇಳಿದ್ದೆ, ಅದನ್ನು ಕಟ್ಟುವ ಜಾಗ ತೋರಿಸಿದವರನ್ನು ಇದೇ ಮೊದಲು ಕಂಡೆ ಎಂದು ಹೆಸರಾಂತ ಎಂಜಿನಿಯರ್ ಒಬ್ಬ ಹೇಳಿದನಂತೆ. 1761ರ ಜುಲೈ 17ರಂದು ಮೊದಲ ದೋಣಿ ಮೇಲಿಂದ ದಾಟಿತು. ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕಿಳಿಯಿತು.

ಬಾರ್ಟನ್ನಿನ ಬಗ್ಗೆ ಹೇಳುವ ಕತೆಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆಯದು. ಕಮಾನುಗಳ ಮೇಲೆ ನೀರು ಬಿಡುವ ಹೊತ್ತಿಗೆ ಬ್ರಿಂಡ್ಲಿಗೆ ಅಲ್ಲಿ ನಿಲ್ಲಲು ಆಗಲಿಲ್ಲವಂತೆ. ಹತ್ತಿರದ ಊರಿನ ಒಂದು ಹೋಟೆಲಿಗೆ ಹೋಗಿ ಹಾಸಿಗೆ ಹಿಡಿದನಂತೆ. ಜವಾಬ್ದಾರಿ ಹೊತ್ತು ನಿಂತವನು ಗಿಲ್ಬರ್ಟ್. ಕಷ್ಟದ ಸಮಸ್ಯೆ ಬಂದರೆ ಒಂದು, ಎರಡು, ಮೂರು ದಿನ ಹಾಸಿಗೆಯಲ್ಲೇ ಮಲಗಿ, ಒಂದು ಗೆರೆಯನ್ನೂ ಎಳೆಯದೆ, ಎಲ್ಲವನ್ನೂ ತಲೆಯೊಳಗೇ ಕಟ್ಟಿ ಎದ್ದು ಬರುತ್ತಿದ್ದ ಎಂದೂ ಅವನ ಬಗ್ಗೆ ಬರೆದಿದ್ದಾರೆ. ಓದು ಬರಹ ಕಡಿಮೆಯಿದ್ದವನ ಚಮತ್ಕಾರವೆಂಬಂತೆ ಇದನ್ನು ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಆಯಾಸ. ಕಾಗದದ ಮೇಲೆ ಇಳಿಸಲಾಗದ ನೂರಾರು ಅಳತೆಗಳನ್ನು, ಮಟ್ಟಗಳನ್ನು, ಲೆಕ್ಕಗಳನ್ನು ಒಂದೇ ತಲೆಯಲ್ಲಿ ಹಗಲು ರಾತ್ರಿ ಹೊತ್ತು ತಿರುಗುವವನಿಗೆ ಇಳಿಸಿಕೊಳ್ಳುವ ಜಾಗ ಎಲ್ಲಿ?

ಈಗ ಹೇರ್‌ಕ್ಯಾಸಲ್‌ಗೆ ಬರೋಣ.

ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಕಾಲುವೆಯಿಂದ ಜೋಡಿಸುವುದು, ಪೂರ್ವದ ಕಡಲಿಂದ ಪಶ್ಚಿಮದ ಕಡಲಿಗೆ ದೇಶದ ಮಧ್ಯದಲ್ಲೇ ನೀರಿನ ದಾರಿ ಮಾಡುವುದು ಬ್ರಿಂಡ್ಲಿಯ ದೊಡ್ಡ ಕನಸು. ಸೆವರ್ನ್ ಮತ್ತು ಥೇಮ್ಸ್ ನದಿಗಳಿಗೂ ಕೊಂಡಿ ಹಾಕಿ ನಾಲ್ಕು ನದಿಗಳನ್ನು ಒಂದು ಶಿಲುಬೆಯಾಕಾರದಲ್ಲಿ ಕೂಡಿಸಬೇಕೆಂಬುದು ಅದರ ಮುಂದಿನ ಭಾಗ. ಇದರ ಬೆನ್ನಿಗೆ ನಿಂತವನು ಕುಂಬಾರ ಜೋಸೈಯಾ ವೆಜ್‌ವುಡ್. ಡೆವನ್, ಡಾರ್ಸೆಟ್ ಕಡೆಯಿಂದ ಬಿಳಿ ಜೇಡಿಮಣ್ಣು, ದಕ್ಷಿಣದ ಕಡಲ ತೀರದಿಂದ ಚಕಮಕಿ ಕಲ್ಲು ಅವನಿಗೆ ಬರಬೇಕಿತ್ತು. ಮಾಡಿದ ತಟ್ಟೆ ಬಟ್ಟಲುಗಳು ಒಡೆಯದೆ ಲಿವರ್‌ಪೂಲ್ ತಲುಪಬೇಕಿತ್ತು. ಗುಂಡಿ ಬಿದ್ದ ರಸ್ತೆಯಲ್ಲಿ ಕುದುರೆಯ ಬೆನ್ನ ಮೇಲೆ ಪಿಂಗಾಣಿ ಸಾಗಿಸುವುದನ್ನು ಊಹಿಸಿಕೊಂಡರೆ ಅವನ ಆತುರ ಅರ್ಥವಾಗುತ್ತದೆ. 1766ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ಸಿಕ್ಕಿತು. ಬ್ರಿಂಡ್ಲಿಗೆ ವರ್ಷಕ್ಕೆ 200 ಪೌಂಡ್, ಕೆಲಸದ ಉಸ್ತುವಾರಿಗೆ ನೇಮಕವಾದ ಹ್ಯೂ ಹೆನ್ಶಾಲ್‌ಗೆ 150 ಪೌಂಡ್. ಖಜಾಂಚಿ ವೆಜ್‌ವುಡ್‌ಗೆ ಸಂಬಳವಿಲ್ಲ; ಪತ್ರವೊಂದರಲ್ಲಿ ಅದನ್ನು ಅವನೇ ಮೂರು ಸೊನ್ನೆಯಾಗಿ ಬರೆದ. ಜುಲೈ 26ರಂದು ಬರ್ಸ್ಲೆಮ್ ಬಳಿ ಮೊದಲ ಹೆಂಟೆ ಕಡಿದವನೂ ವೆಜ್‌ವುಡ್. ಹೆನ್ಶಾಲ್ ಬ್ರಿಂಡ್ಲಿಯ ಭಾಮೈದ. ಹಿಂದಿನ ವರ್ಷ ಡಿಸೆಂಬರಿನಲ್ಲಷ್ಟೇ, ನಲವತ್ತೊಂಬತ್ತರ ಬ್ರಿಂಡ್ಲಿ ಹೆನ್ಶಾಲ್‌ನ ತಂಗಿ ಹತ್ತೊಂಬತ್ತರ ಆ್ಯನ್‌ಳನ್ನು ಮದುವೆಯಾಗಿ ಟರ್ನ್‌ಹರ್ಸ್ಟ್‌ನ ಮನೆಯಲ್ಲಿ ಸಂಸಾರ ಹೂಡಿದ್ದ.

ಗುಡ್ಡದ ಒಳಗಿನ ದಾರಿ 2,880 ಗಜ, ಅಂದರೆ ಎರಡೂವರೆ ಕಿಲೋಮೀಟರಿಗಿಂತ ಹೆಚ್ಚು. ಅಂಥ ಕಾಲುವೆ ಸುರಂಗವನ್ನು ಆ ದೇಶದಲ್ಲಿ ಅದಕ್ಕೆ ಮುಂಚೆ ಯಾರೂ ತೋಡಿರಲಿಲ್ಲ. ಮೊದಲು ಗುಡ್ಡದ ನೆತ್ತಿಯ ಮೇಲೆ ಗೂಟ ನೆಟ್ಟು ನೇರ ಸಾಲು ಹಿಡಿದರು. ಆ ಸಾಲಿನಲ್ಲಿ ಹದಿನೈದು ಬಾವಿ ತೋಡಿ, ಕಾಲುವೆಯ ಮಟ್ಟ ಸಿಕ್ಕಿದಾಗ ಪ್ರತಿ ಬಾವಿಯ ತಳದಿಂದ ಎರಡೂ ಕಡೆಗೆ ಅಗೆಯುತ್ತಾ ಹೋದರು. ಕತ್ತಲಲ್ಲಿ, ಮೋಂಬತ್ತಿಯ ಬೆಳಕಲ್ಲಿ, ಈ ಬಾವಿಯವರು ಆ ಬಾವಿಯವರಿಗೆ ಎದುರಾಗಬೇಕು. ಒಳಗೆ ಸಿಕ್ಕಿದ್ದು ಒಂದೇ ಬಗೆಯ ನೆಲವಲ್ಲ. ಒಂದೆಡೆ ಸಿಡಿಮದ್ದಿಗೂ ಜಗ್ಗದ ಗಟ್ಟಿ ಬಂಡೆ, ಇನ್ನೊಂದೆಡೆ ನೀರು ಕುಡಿದು ಜಾರುವ ಮರಳು, ಎಲ್ಲೆಡೆ ಒರತೆ. ಗಾಳಿಚಕ್ರ, ನೀರುಚಕ್ರಗಳಿಂದ ನೀರೆತ್ತಿ ಸಾಲದೆ ಹೋದಾಗ ಆವಿ ಯಂತ್ರ ತರಿಸಬೇಕಾಯಿತು.

ಆ ಗುಡ್ಡದೊಳಗೆ ಕಲ್ಲಿದ್ದಲೂ ಇತ್ತು. ಅದು ಬ್ರಿಂಡ್ಲಿಗೆ ಮೊದಲೇ ಗೊತ್ತು. 1760ರಲ್ಲೇ ಪಾಲುದಾರರ ಜೊತೆ ಸೇರಿ ಅಲ್ಲಿನ ಗೋಲ್ಡನ್‌ಹಿಲ್ ಎಸ್ಟೇಟನ್ನು ಕೊಂಡಿದ್ದ. ಸುರಂಗದ ನಡುವಿನಿಂದ ಕವಲು ಕಾಲುವೆಗಳು ಸೀದಾ ಗಣಿಯೊಳಕ್ಕೆ ಹೋದವು. ಗಣಿಯ ಬಸಿ ನೀರು ಕಾಲುವೆಗೆ ಒದಗಿತು, ಕಲ್ಲಿದ್ದಲು ನೆಲದೊಳಗೇ ದೋಣಿಗೇರಿತು. ದುಡ್ಡು, ನೀರು, ಬಂಡೆ ಮೂರನ್ನೂ ಒಂದೇ ಗೆರೆಗೆ ತಂದದ್ದರಲ್ಲಿ ಅವನ ಬುದ್ಧಿ ಪೂರ್ತಿಯಾಗಿ ಕಾಣುತ್ತದೆ.

1767ರಲ್ಲಿ ಬರ್ಸ್ಲೆಮ್‌ನಿಂದ ಯಾರೋ ಬರೆದ ಪತ್ರವೊಂದು ಉಳಿದಿದೆ. ನಮ್ಮ ಈ ನೆಲದೊಳಗಿನ ಜಲಮಾರ್ಗ ನೋಡಲು ಜನ ಬರುತ್ತಿದ್ದಾರೆ, ಇದು ಲೋಕದ ಎಂಟನೇ ಅದ್ಭುತ ಎಂದು ಅದರಲ್ಲಿದೆ. ಬ್ರಿಂಡ್ಲಿಯನ್ನು ನೋಡಿದರೆ ಗುಡ್ಡಗಾಡಿನ ರೈತನ ಹಾಗೆ, ಅವನದೇ ಗಾಡಿ ಹೊಡೆಯುವವರಲ್ಲೊಬ್ಬನ ಹಾಗೆ. ಬಾಯಿ ತೆರೆದರೆ ಮಾತ್ರ ಎಲ್ಲರ ಕಿವಿ ಅವನ ಕಡೆಗೇ ಎಂದೂ ಇದೆ. ಅವನ ಚಿತ್ರಪಟಗಳಿಗಿಂತ ಈ ಸಾಲಿನಲ್ಲಿ ಅವನು ನನಗೆ ಚೆನ್ನಾಗಿ ಕಾಣುತ್ತಾನೆ.

ಸುರಂಗದ ಅಗಲದ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಅಷ್ಟು ಉದ್ದದ ಸುರಂಗವನ್ನು ಅಗಲವಾಗಿ ತೋಡಿದರೆ ದುಡ್ಡು ಸಾಲದು ಎಂದು ಬ್ರಿಂಡ್ಲಿ ಸುಮಾರು ಒಂಬತ್ತು ಅಡಿ ಅಗಲಕ್ಕೆ ನಿಲ್ಲಿಸಿದ. ಹಾಗಾದರೆ ದೋಣಿ ಏಳು ಅಡಿ. ದೋಣಿ ಏಳು ಅಡಿಯಾದರೆ ಲಾಕ್ ಅದಕ್ಕಿಂತ ಅಗಲ ಬೇಕಿಲ್ಲ, ನೀರೂ ಉಳಿಯುತ್ತದೆ. ಹೀಗೆ ಸುಮಾರು ಎಪ್ಪತ್ತೆರಡು ಅಡಿ ಉದ್ದ, ಏಳು ಅಡಿಗಿಂತ ತುಸುವೇ ಹೆಚ್ಚು ಅಗಲದ ಲಾಕ್ ಹುಟ್ಟಿತು. ಮಧ್ಯ ಇಂಗ್ಲೆಂಡಿನ ಬಹುಪಾಲು ಕಾಲುವೆಗಳು ಆ ಅಳತೆಯನ್ನೇ ಹಿಡಿದವು. ಇವತ್ತು ಜನ ರಜೆಗೆ ಬಾಡಿಗೆಗೆ ಹಿಡಿದು ತಿರುಗುವ, ಕೆಲವರು ವರ್ಷಪೂರ್ತಿ ಮನೆ ಮಾಡಿಕೊಂಡಿರುವ ಆ ಉದ್ದುದ್ದ ಬಣ್ಣದ ದೋಣಿಗಳು ಏಳು ಅಡಿಗೆ ಸೀಮಿತವಾಗಿರುವುದಕ್ಕೆ ಕಾರಣ ಈ ಗುಡ್ಡ. ಮುಂದೆ ರೈಲು ಬಂದಾಗ ಇಷ್ಟು ಕಿರಿದಾದ ಕಾಲುವೆಗಳು ಪೈಪೋಟಿಯಲ್ಲಿ ಸೋತವು ಎಂಬ ಟೀಕೆಯಿದೆ. ಆ ಟೀಕೆಯಲ್ಲಿ ಸತ್ಯವೂ ಇದೆ. ಆದರೆ ಅಗಲ ಮಾಡುತ್ತೇನೆಂದು ಹೊರಟಿದ್ದರೆ ಸುರಂಗವೇ ಆಗುತ್ತಿರಲಿಲ್ಲವೇನೋ, ಕಂಪನಿಯ ಹಣ ಗುಡ್ಡದೊಳಗೇ ಕರಗಿ ಹೋಗುತ್ತಿತ್ತೇನೋ. ಇದ್ದ ದುಡ್ಡಿನಲ್ಲಿ ಕೊನೆ ಮುಟ್ಟುವ ಕೆಲಸವನ್ನು ಆರಿಸಿಕೊಂಡವನನ್ನು ನಾನು ದೂರಲಾರೆ.

ಕೊನೆ ಮುಟ್ಟಲು ಹನ್ನೊಂದು ವರ್ಷ ಹಿಡಿಯಿತು. ಅವನಿಗೆ ಸಿಕ್ಕಿದ್ದು ಆರು.

ಇದನ್ನು ಮೊದಲೇ ಕಂಡವನು ವೆಜ್‌ವುಡ್. 1767ರ ಮಾರ್ಚಿಯಲ್ಲಿ ಗೆಳೆಯ ಥಾಮಸ್ ಬೆಂಟ್ಲಿಗೆ ಬರೆದ ಪತ್ರದಲ್ಲಿ ಅವನು ಹೇಳಿಕೊಂಡ ಸಂಕಟದ ಸಾರ ಇದು: ಈತ ಮಿತಿಮೀರಿ ದುಡಿದು, ತನ್ನ ಮಹಾ ಯೋಜನೆಗಳು ಮುಗಿಯುವ ಮೊದಲೇ ನಮ್ಮನ್ನು ಬಿಟ್ಟು ಹೋಗುತ್ತಾನೇನೋ ಎಂಬ ಭಯ ನನಗೆ; ನಾಲ್ಕೂ ಕಡೆಯಿಂದ ಜನ ಪೀಡಿಸುತ್ತಾರೆ, ಮನಸ್ಸಿಗೂ ಮೈಗೂ ವಿಶ್ರಾಂತಿಯಿಲ್ಲ; ದೊಡ್ಡವನು, ಅದೃಷ್ಟವಂತ, ಹಣ ಮಾಡುವವನು ಎನ್ನಿಸಿಕೊಂಡ ಬ್ರಿಂಡ್ಲಿಯನ್ನು ಕಂಡರೆ ನನಗೆ ಕನಿಕರ; ಕೆಲವು ಸಾವಿರ ಗಳಿಸಿಯಾನು, ಅದಕ್ಕೆ ಬದಲಾಗಿ ಕೊಡುತ್ತಿರುವುದೇನು? ಆರೋಗ್ಯವನ್ನು. ಗೆಳೆಯರ ಮಾತು ಕೇಳದಿದ್ದರೆ ಪ್ರಾಣವನ್ನೂ.

ಗೆಳೆಯರ ಮಾತು ಕೇಳಲಿಲ್ಲ. ಅಥವಾ ಕೇಳುವ ಸ್ಥಿತಿಯಲ್ಲಿರಲಿಲ್ಲ. ಟ್ರೆಂಟ್ ಮತ್ತು ಮರ್ಸಿ ಒಂದೇ ಅಲ್ಲ. ಸ್ಟಾಫರ್ಡ್‌ಶೈರ್-ವುಸ್ಟರ್‌ಶೈರ್ ಕಾಲುವೆ, ಬರ್ಮಿಂಗ್‌ಹ್ಯಾಂ, ಡ್ರಾಯ್ಟ್‌ವಿಚ್, ಕವೆಂಟ್ರಿ, ಆಕ್ಸ್‌ಫರ್ಡ್, ಚೆಸ್ಟರ್‌ಫೀಲ್ಡ್, ಎಲ್ಲವೂ ಒಂದೇ ಹೊತ್ತಿಗೆ ಅವನ ಹೆಗಲ ಮೇಲೆ. ಕುದುರೆಯ ಮೇಲೆ ಒಂದು ಊರಿಂದ ಇನ್ನೊಂದು ಊರಿಗೆ, ಮಳೆಯಲ್ಲಿ, ಕೆಸರಲ್ಲಿ. ಒಂದೆಡೆ ಹೋದರೆ ಇನ್ನೊಂದೆಡೆಯವರ ದೂರು. ತಮ್ಮ ಕೆಲಸಕ್ಕೆ ಸಾಕಷ್ಟು ಗಮನ ಕೊಡುತ್ತಿಲ್ಲವೆಂದು ಕವೆಂಟ್ರಿ ಕಾಲುವೆ ಕಂಪನಿಯವರು 1769ರಲ್ಲಿ ಅವನನ್ನು ತೆಗೆದೇ ಹಾಕಿದರು. ಇವತ್ತು ಅದೇ ಕವೆಂಟ್ರಿಯಲ್ಲಿ ಕಾಲುವೆ ಮುಗಿಯುವ ಕಟ್ಟೆಯ ಬಳಿ ಅವನ ಕಂಚಿನ ಪ್ರತಿಮೆಯಿದೆ, ಮೇಜಿನ ಮೇಲೆ ಬಾಗಿ ನಕ್ಷೆ ನೋಡುತ್ತಿರುವ ಭಂಗಿಯಲ್ಲಿ. ಅದನ್ನು ನಿಲ್ಲಿಸಿದವರ ಮನಸ್ಸು ಒಳ್ಳೆಯದು, ನೋಡಿ ನನಗೆ ಸಂತೋಷವೇ ಆಯಿತು.

1772ರ ಸೆಪ್ಟೆಂಬರಿನಲ್ಲಿ ಕಾಲ್ಡನ್ ಎಂಬ ಕವಲು ಕಾಲುವೆಗೆ ಸರ್ವೆ ಮಾಡುತ್ತಿದ್ದಾಗ ಮಳೆಯಲ್ಲಿ ತೊಯ್ದ. ರಾತ್ರಿ ಉಳಿದ ಕಡೆ ಹಾಸಿಗೆ ತೇವವಾಗಿತ್ತು, ಅಲ್ಲಿಂದ ಜ್ವರ ಹಿಡಿಯಿತು ಎಂದು ಹೇಳುತ್ತಾರೆ. ಆದರೆ ಒಳಗಿನ ರೋಗ ಬೇರೆಯೇ ಇತ್ತು. ಅದನ್ನು ಗುರುತಿಸಿದವನು ಎರಾಸ್ಮಸ್ ಡಾರ್ವಿನ್: ಡಯಾಬಿಟಿಸ್. ನಮ್ಮ ಮನೆಮನೆಯಲ್ಲೂ ಇರುವ ಸಕ್ಕರೆ ಕಾಯಿಲೆ. ಕೆಲವು ವರ್ಷಗಳಿಂದಲೇ ಇದ್ದಿರಬೇಕು ಎಂದು ವೆಜ್‌ವುಡ್ ಬರೆಯುತ್ತಾನೆ. ಬಿಡುವಿಲ್ಲದ ದುಡಿಮೆ, ಮೈಮನಸ್ಸಿನ ದಣಿವು, ತೀರದ ಬಾಯಾರಿಕೆ ಎಲ್ಲವನ್ನೂ ಸೇರಿಸಿ ನೋಡುತ್ತಾನೆ. ಇನ್ಸುಲಿನ್ ಮೊದಲ ರೋಗಿಗೆ ಸಿಗಲು ಇನ್ನೂ ನೂರೈವತ್ತು ವರ್ಷ ಕಳೆಯಬೇಕಿತ್ತು.

ಅವನು ಮಲಗಿದ್ದಾಗ ಯಾವುದೋ ಕಾಲುವೆ ಕಂಪನಿಯವರು ಹುಡುಕಿಕೊಂಡು ಬಂದರಂತೆ. ಕಾಲುವೆಯಲ್ಲಿ ನೀರು ನಿಲ್ಲುತ್ತಿಲ್ಲ, ಏನು ಮಾಡೋಣ? ಅವನ ಮದ್ದು ಒಂದೇ. ಜೇಡಿಮಣ್ಣಿಗೆ ಮರಳು ನೀರು ಕೂಡಿಸಿ, ಗೋಡೆ ಮಣ್ಣನ್ನು ತುಳಿದು ಹದ ಮಾಡುವ ಹಾಗೆ ತುಳಿತುಳಿದು, ಪದರ ಪದರವಾಗಿ ಕಾಲುವೆಯ ತಳಕ್ಕೂ ದಡಕ್ಕೂ ಮೆತ್ತುವುದು. ಪಾರ್ಲಿಮೆಂಟಿನ ಸಮಿತಿಯ ಮುಂದೆ ಜೇಡಿಮಣ್ಣಿನ ಗುಡ್ಡೆ ತರಿಸಿ, ತೊಟ್ಟಿ ಮಾಡಿ, ನೀರು ಹುಯ್ದು ತೋರಿಸಿದ್ದನೆಂಬ ಮಾತೂ ಇದೆ. "ಮಣ್ಣು ಮೆತ್ತಿಸಿ" ಅಂದ. ಮೆತ್ತಿಸಿ ಆಗಿದೆ ಅಂದರು. "ಹಾಗಾದರೆ ಮತ್ತೊಮ್ಮೆ ಮೆತ್ತಿಸಿ, ಅದರ ಮೇಲೆ ಇನ್ನೊಮ್ಮೆ" ಅಂದನಂತೆ. ಸಾಯುವವನ ಬಾಗಿಲಿಗೂ ಕೆಲಸ ಹೊತ್ತು ಬಂದವರ ಮೇಲೆ ನನಗೆ ಸಿಟ್ಟು ಬರುತ್ತದೆ. ಬಹುಶಃ ಅವನಿಗೆ ಬರಲಿಲ್ಲ.

ಸೆಪ್ಟೆಂಬರ್ 27ರ ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಬಾಯಿ ಒದ್ದೆ ಮಾಡಲು ಏನೋ ಕೊಟ್ಟರು. ಸಾಕು, ಇನ್ನು ಬೇಕಾಗುವುದಿಲ್ಲ ಎಂದು ಕಣ್ಣು ಮುಚ್ಚಿದವನು ಮತ್ತೆ ತೆರೆಯಲಿಲ್ಲ. ನಿದ್ದೆಯಲ್ಲಿದ್ದ ಹಾಗೇ ಮಧ್ಯಾಹ್ನದ ಹೊತ್ತಿಗೆ ಹೋದ. ಇದನ್ನೂ ತಿಳಿಸಿದವನು ವೆಜ್‌ವುಡ್ಡೇ. ಅದೇ ಪತ್ರದಲ್ಲಿ ಅವನು ಸ್ಮಾರಕದ ಮಾತನ್ನೂ ಎತ್ತುತ್ತಾನೆ. ಜನರು ಕಳೆದುಕೊಂಡದ್ದು ಏನೆಂದು ಅವನನ್ನು ಬಲ್ಲವರಿಗಷ್ಟೇ ಗೊತ್ತು, ಅವನ ಕೆಲಸಗಳೇ ಅವನ ಕೀರ್ತಿಗೆ ಬಹುಕಾಲ ನಿಲ್ಲುವ ಸ್ಮಾರಕಗಳು, ಜನಕ್ಕೆ ಒಳಿತಾಗುವ ಕೆಲಸದಲ್ಲಿ ತೊಡಗಿದ ಒಬ್ಬನೇ ಪ್ರತಿಭಾವಂತನಿಂದ ಎಷ್ಟು ಉಪಕಾರವಾದೀತೆಂದು ಮುಂದಿನವರಿಗೆ ತೋರಿಸುತ್ತವೆ ಎಂದು. ಮೂರು ದಿನದ ನಂತರ ಅವನನ್ನು ನ್ಯೂಚಾಪೆಲ್‌ನಲ್ಲಿ ಮಣ್ಣು ಮಾಡಿದರು. ಟರ್ನ್‌ಹರ್ಸ್ಟ್‌ನ ಮನೆಗೆ ಹತ್ತಿರದ ಜಾಗ. ಈಗ ಆ ಮನೆಯಿಲ್ಲ. ಚರ್ಚಿನ ಕಟ್ಟಡವೂ ಹತ್ತೊಂಬತ್ತನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು.

ಸುರಂಗ ನಿಲ್ಲಲಿಲ್ಲ. ಹೆನ್ಶಾಲ್ ಕೆಲಸ ಮುಂದುವರಿಸಿದ. 1777ರಲ್ಲಿ ದೋಣಿಗಳು ಗುಡ್ಡ ದಾಟಿದವು. ಒಳಗೆ ಕುದುರೆ ನಡೆಯಲು ಜಾಗವಿರಲಿಲ್ಲ. ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲಿನ ದಾರಿಯಲ್ಲಿ ನಡೆಸಿಕೊಂಡು ಹೋಗುತ್ತಿದ್ದರು. ಆ ದಾರಿಗೆ ಈಗಲೂ ಬೋಟ್‌ಹಾರ್ಸ್ ರಸ್ತೆ ಎಂದೇ ಹೆಸರು. ದೋಣಿಯನ್ನು ಆಳುಗಳು ಅಂಗಾತ ಮಲಗಿ, ಸುರಂಗದ ಗೋಡೆಯನ್ನೋ ಮಾಳಿಗೆಯನ್ನೋ ಕಾಲಿನಿಂದ ತುಳಿಯುತ್ತಾ ಮುಂದಕ್ಕೆ ದೂಡಬೇಕಿತ್ತು. ಎರಡು ಮೂರು ಗಂಟೆ, ಕತ್ತಲಲ್ಲಿ, ಮೈಮೇಲೆ ತೊಟ್ಟಿಕ್ಕುವ ನೀರಲ್ಲಿ. ಒಂದು ಕಡೆಯಿಂದ ದೋಣಿಗಳು ಬರುವಾಗ ಇನ್ನೊಂದು ಕಡೆಯವು ಕಾಯಬೇಕು. ಐವತ್ತು ವರ್ಷ ಹೀಗೇ ನಡೆಯಿತು.

ಕೊನೆಗೆ ಥಾಮಸ್ ಟೆಲ್‌ಫರ್ಡ್ ಬಂದು ಪಕ್ಕದಲ್ಲೇ ಎರಡನೇ ಸುರಂಗ ತೋಡಿಸಿದ, ಕುದುರೆ ನಡೆಯುವ ದಾರಿ ಸಮೇತ. 1824ರಲ್ಲಿ ಶುರು, 1827ರಲ್ಲಿ ಮುಗಿಯಿತು. ಬ್ರಿಂಡ್ಲಿಯದಕ್ಕೆ ಹನ್ನೊಂದು ವರ್ಷ, ಇದಕ್ಕೆ ಮೂರು. ಟೆಲ್‌ಫರ್ಡ್ ದೊಡ್ಡ ಎಂಜಿನಿಯರ್, ಅನುಮಾನವಿಲ್ಲ. ಆದರೆ ಗುಡ್ಡದೊಳಗೆ ಏನಿದೆ, ಎಲ್ಲಿ ಬಂಡೆ, ಎಲ್ಲಿ ಮರಳು ಎಂಬುದನ್ನು ಮೊದಲ ಸುರಂಗದವರು ಕಷ್ಟಪಟ್ಟು ಕಂಡುಕೊಂಡಿದ್ದರು. 1834ರಲ್ಲಿ ತೀರಿಕೊಂಡ ಟೆಲ್‌ಫರ್ಡ್‌ಗೆ ರಾಜರಾಣಿಯರ ಸಮಾಧಿಗಳಿರುವ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಸಿಕ್ಕಿತು, ಪ್ರತಿಮೆಯೂ ಸಿಕ್ಕಿತು. ಆ ಅರವತ್ತು ವರ್ಷಗಳಲ್ಲಿ ಎಂಜಿನಿಯರ್ ಎಂಬ ಮನುಷ್ಯನಿಗೆ ಸಮಾಜ ಕೊಡುವ ಜಾಗ ಎಷ್ಟು ಬದಲಾಯಿತು ಎಂಬುದನ್ನು ಈ ಎರಡು ಸಮಾಧಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ಆ ಬದಲಾವಣೆಗೆ ದಾರಿ 2,880 ಗಜದ ಈ ಕೆಲಸದಂಥವುಗಳಿಂದಲೇ ಆದದ್ದು.

ಬ್ರಿಂಡ್ಲಿಯ ಸುರಂಗ ನೆಲ ಕುಸಿದು 1914ರಲ್ಲಿ ಮುಚ್ಚಿತು. ಒಳಗೆ ಹೋಗುವಂತಿಲ್ಲ. ಅದಕ್ಕೇ ನ್ಯೂಚಾಪೆಲ್‌ನ ಕಲ್ಲು ನನಗೆ ಮುಖ್ಯ. ಕೆಲಸಗಳೇ ಸ್ಮಾರಕ ಎಂದು ವೆಜ್‌ವುಡ್ ಹೇಳಿದ್ದು ಪೂರ್ತಿ ನಿಜವಾಗಲಿಲ್ಲ. ಬಾರ್ಟನ್ನಿನ ಕಮಾನುಗಳನ್ನು 1893ರಲ್ಲಿ ಕೆಡವಿದರು. ಈಗಿರುವುದು ಹಡಗು ಬಂದಾಗ ಪಕ್ಕಕ್ಕೆ ತಿರುಗುವ ಮೇಲ್ಗಾಲುವೆ. ಹೇರ್‌ಕ್ಯಾಸಲ್‌ನ ಸುರಂಗ ಮುಚ್ಚಿಹೋಗಿದೆ. ಉಳಿದಿರುವುದು ಏಳು ಅಡಿಯ ಅಳತೆ, ಗುಡ್ಡದ ಮೈಗೆ ಅಂಟಿಕೊಂಡು ಸಾಗುವ ಹಾದಿಗಳು, ಮತ್ತು ಆ ಸಮಾಧಿ. ಹದಿನೈದು ಬಾವಿಗಳಲ್ಲಿ ಇಳಿದವರಿಗೆ, ಕಾಲಿನಿಂದ ದೋಣಿ ತುಳಿದವರಿಗೆ ಅಷ್ಟು ಕಲ್ಲೂ ಇಲ್ಲ. ಅವರ ಹೆಸರುಗಳು ಬ್ರಿಂಡ್ಲಿಯ ಹೆಸರಿನ ಜೊತೆ ಎಲ್ಲಾದರೂ ಇರಬೇಕಿತ್ತು, ಲಿಚ್‌ಫೀಲ್ಡ್‌ನಲ್ಲಿ ಅಲ್ಲ, ಈ ಗುಡ್ಡದ ಮೇಲೆ.

ನೋಡಬೇಕೆನ್ನುವವರಿಗೆ: ಮ್ಯಾಂಚೆಸ್ಟರ್ ಮತ್ತು ಸ್ಟೋಕ್ ನಡುವೆ ಓಡಾಡುವ ರೈಲುಗಳಲ್ಲಿ ಕಿಡ್ಸ್‌ಗ್ರೋವ್‌ನಲ್ಲಿ ನಿಲ್ಲುವಂಥದ್ದು ಹಿಡಿಯಿರಿ. ಸ್ಟೇಷನ್ನಿನ ಪಕ್ಕದಲ್ಲೇ ಕಾಲುವೆ. ಮೊದಲು ಸುರಂಗದ ಬಾಯಿಗಳನ್ನು ನೋಡಿ, ಬೋಟ್‌ಹಾರ್ಸ್ ರಸ್ತೆಯಲ್ಲಿ ಸ್ವಲ್ಪ ದೂರವಾದರೂ ಏರಿ, ಆಮೇಲೆ ನ್ಯೂಚಾಪೆಲ್ ಚರ್ಚಿಗೆ ಹೋಗಿ. ನಡೆದೇ ಹೋಗುವುದಾದರೆ ಏರು ದಾರಿ, ವಯಸ್ಸಾದವರು ಜೊತೆಗಿದ್ದರೆ ಟ್ಯಾಕ್ಸಿ ಮಾಡಿಕೊಳ್ಳುವುದು ಒಳ್ಳೆಯದು. ಕೊಡೆ ಇರಲಿ, ಅಲ್ಲಿ ಮಳೆ ಹೇಳಿ ಕೇಳಿ ಬರುವುದಿಲ್ಲ.